ನಮ್ಮ ಟ್ರ್ಯಾಕ್ಟರಿಗೆ ಉಸಿರು ಕಟ್ಟಿದ್ದು

‘ನನಗೆ ಗೊತ್ತಿಲ್ಲ’ ಎಂದು ಹೇಳುವುದನ್ನು ಯಾವ ತರಗತಿಯಲ್ಲಿ ಕಲಿಸುತ್ತಾರೋ ನಾನರಿಯೆ. ಏಳನೇ ಕ್ಲಾಸಿಗೇ ಶಾಲೆ ಬಿಟ್ಟ ನಾನು ಆ ಪಾಠದವರೆಗೆ ಹೋಗಲಿಲ್ಲ. ಬಿಳಿಗೆರೆ ಸುತ್ತಿನಲ್ಲಿ ಯಾರ ಪಂಪ್‌ಸೆಟ್ ಮುನಿಸಿಕೊಂಡರೂ ಮಾದಪ್ಪನನ್ನು, ಅಂದರೆ ನನ್ನನ್ನು, ಕರೆಯುತ್ತಾರೆ. ಬಾಳೆತೋಟಕ್ಕೆಂದು ಕೊಂಡ ನನ್ನ ಪುಟ್ಟ ಟ್ರ್ಯಾಕ್ಟರಿಗೆ ಇಷ್ಟು ವರ್ಷದಲ್ಲಿ ಇನ್ನೊಬ್ಬರ ಸ್ಪ್ಯಾನರ್ ಸೋಕಿರಲಿಲ್ಲ. ಈ ಮಾತನ್ನು ಟೀ ಅಂಗಡಿಯಲ್ಲಿ ಯಾರೂ ಕೇಳದಿದ್ದರೂ ಹೇಳುವುದು ನನ್ನ ಅಭ್ಯಾಸ.

ಅಂಥ ಟ್ರ್ಯಾಕ್ಟರ್ ಈ ಸಲ ನನ್ನ ಮಾನ ತೆಗೆಯಲು ಹೊರಟಿತು. ಇನ್ನು ನಾಲ್ಕು ದಿನಕ್ಕೆ ನಾಲೆಗೆ ನೀರು ಬರುವುದಿತ್ತು. ಅಷ್ಟರೊಳಗೆ ರೋಟವೇಟರ್ ಹೊಡೆದು ಒಂದು ಎಕರೆ ಮಣ್ಣು ಪುಡಿಮಾಡಿ ಬಾಳೆ ಕಂದು ನೆಡಬೇಕು. ನೀರು ಬಂದಮೇಲೆ ಅದು ಹೊಲವಲ್ಲ, ಬರೀ ಕೆಸರು. ಟ್ರ್ಯಾಕ್ಟರ್ ಅರ್ಧ ಗಂಟೆ ಸಲೀಸಾಗಿ ಓಡುವುದು, ಆಮೇಲೆ ದಮ್ಮು ಹತ್ತಿದವರ ಹಾಗೆ ಕೆಮ್ಮಿ, ಬಲ ಕಳೆದುಕೊಂಡು ನಿಲ್ಲುವುದು. ನಾನು ಇಳಿದು, ಮುಚ್ಚಳ ತೆಗೆದು ಡೀಸೆಲ್ ಇದೆಯೇ ಎಂದು ಇಣುಕಿ, ನಾಲ್ಕು ನಟ್ಟು ಬಿಗಿದು ಸ್ಟಾರ್ಟ್ ಮಾಡಿದರೆ ಮತ್ತೆ ಅರ್ಧ ಗಂಟೆ ಕುದುರೆ! ನಟ್ಟು ಬಿಗಿದದ್ದಕ್ಕೇ ಸರಿಹೋಯಿತೆಂದು ನಾನು ಮೀಸೆ ತಿರುವುವಷ್ಟರಲ್ಲಿ ಮತ್ತೆ ಕೆಮ್ಮು. ಡೀಸೆಲ್ ಫಿಲ್ಟರ್ ಬದಲಾಯಿಸಿದೆ, ಪೈಪು ಊದಿದೆ, ಏರ್ ಕ್ಲೀನರ್ ತೊಳೆದೆ. ಎರಡು ದಿನ ಕಳೆದವು, ಕಾಲು ಎಕರೆ ಮುಗಿಯಿತು.

“ಮುಕ್ಕಾಲೆಕ್ರೆ ಅಂಗೇ ಬಿದ್ದದೆ, ನೀವು ನಟ್ಟು ತಿರುವ್ತಾ ಕೂತಿದ್ದೀರಿ. ನರಸೀಪುರದ ಗೌಸ್ ಸಾಬ್ರುನ್ನ ಕರ್ಕೊಂಡ್ ಬನ್ನಿ,” ಅಂದಳು ನನ್ನ ಹೆಂಡತಿ ರಾಜಮ್ಮ.

“ನಾನೇ ಇರುವಾಗ ಮೆಕ್ಯಾನಿಕ್ಕು ಯಾಕಮ್ಮಿ?”

“ನೀವಿರೋದ್ಕೇ ಕಣ್ರೀ!”

ಗೌಸ್ ಸಾಬರು ಬಂದರು. ಬೈಕಿನ ಚೀಲದಲ್ಲಿದ್ದ ಸ್ಪ್ಯಾನರುಗಳನ್ನು ಹೊರಗೇ ತೆಗೆಯಲಿಲ್ಲ. ಬದುವಿನ ಮೇಲೆ ಕುಕ್ಕರಗಾಲಲ್ಲಿ ಕೂತು, “ಓಡ್ಸಿ ಮಾದಪ್ಪಾರೆ, ಅದರ ಮಾತು ಕೇಳಾವ,” ಅಂದರು. ನಾನು ಓಡಿಸಿದೆ. ಅವರು ಕಣ್ಣು ಮುಚ್ಚಿಕೊಂಡಿದ್ದರು. ನಿದ್ದೆ ಹೋದರೋ ಎಂದು ನನಗೆ ಒಳಗೊಳಗೇ ಖುಷಿ. ಎಂಜಿನ್ ಕುಗ್ಗಿದ ಕೂಡಲೇ ಎದ್ದು ಬಂದು, ಡೀಸೆಲ್ ಟ್ಯಾಂಕಿನ ಮುಚ್ಚಳವನ್ನು ಅರ್ಧ ಸುತ್ತು ಸಡಿಲಿಸಿದರು. ‘ಸುಯ್’ ಎಂದು ಗಾಳಿ ಒಳಹೋಯಿತು. ಸಾಯುತ್ತಿದ್ದ ಎಂಜಿನ್ ಒಂದೇ ಕ್ಷಣದಲ್ಲಿ ಗರ್ಜಿಸಿತು. ಅಷ್ಟಕ್ಕೇ ನಂಬದೆ ಮತ್ತೆ ಬಿಗಿದು ಹೋಗಿ ಕೂತರು. ಮತ್ತೆ ಅರ್ಧ ಗಂಟೆ, ಮತ್ತೆ ಕೆಮ್ಮು, ಮತ್ತೆ ‘ಸುಯ್’. ಎರಡು ದಿನ ಅದೇ ಮುಚ್ಚಳ ತೆಗೆದು ಹಾಕಿದವನು ನಾನು. ನಟ್ಟಿನ ಧ್ಯಾನದಲ್ಲಿ ಆ ಸದ್ದು ನನ್ನ ಕಿವಿಗೆ ಬಿದ್ದಿರಲೇ ಇಲ್ಲ.

“ಮುಚ್ಚಳದಲ್ಲಿ ಗಾಳಿ ಆಡೋಕೆ ಒಂದು ಸಣ್ಣ ತೂತು ಇರ್ತದೆ. ಅದು ಕಟ್ಕೊಂಡ್ರೆ ಡೀಸೆಲ್ ಇಳಿಯಲ್ಲ,” ಅಂದು ನನ್ನ ಹಣೆ ನೋಡಿದರು, ಮುಚ್ಚಳ ನೋಡಿದರು. ಎರಡರ ಮೇಲೂ ಮೂರು ಪಟ್ಟೆ ವಿಭೂತಿ! ಪ್ರತಿ ಸೋಮವಾರ ಟ್ರ್ಯಾಕ್ಟರ್ ತೊಳೆದು, ಅದರ ಮೈಯಲ್ಲಿ ಎಲ್ಲಕ್ಕಿಂತ ಎತ್ತರದ ಜಾಗ ನೆತ್ತಿಯೇ ಇರಬೇಕೆಂದು ಆ ಮುಚ್ಚಳಕ್ಕೇ ವಿಭೂತಿ ಕಲಸಿ ಬಳಿಯುತ್ತಿದ್ದವನು ನಾನು. ಡೀಸೆಲ್ ಹನಿಯೂ ಧೂಳೂ ಸೇರಿ ಅದು ಸಿಮೆಂಟಾಗಿತ್ತು. ಗಾಡಿ ಕೈಕೊಟ್ಟ ಮೇಲಂತೂ ಭಕ್ತಿ ಕಡಿಮೆಯಾಯಿತೇನೋ ಎಂದು ದಿನಾ ದಪ್ಪಗೆ ಮೆತ್ತಿದ್ದೆ.

ಸಾಬರು ರಾಜಮ್ಮನ ಕಡೆ ಕೈಚಾಚಿ, “ಒಂದು ಪಿನ್ನು ಕೊಡವ್ವ,” ಅಂದರು. ಅವಳು ಬಳೆಯಲ್ಲಿ ಸಿಕ್ಕಿಸಿದ್ದ ಪಿನ್ನು ಬಿಚ್ಚಿಕೊಟ್ಟಳು. ಅವರು ತೂತು ಬಿಡಿಸಿ, ಉದುರಿದ ವಿಭೂತಿಯನ್ನು ತುಳಿಯುವ ಜಾಗಕ್ಕೆ ಬೀಳಿಸದೆ ಅಂಗೈಯಲ್ಲಿ ಹಿಡಿದು, ಬದುವಿನಾಚೆಯ ಬಾಳೆಯ ಬುಡಕ್ಕೆ ಹಾಕಿದರು. ನಗುವುದಕ್ಕೆ ಅವರಿಗೆ ಪೂರಾ ಹಕ್ಕಿತ್ತು. ನಾನಾಗಿದ್ದರೆ ನಂಜನಗೂಡಿನ ತನಕ ಹೇಳಿಕೊಂಡು ನಗುತ್ತಿದ್ದೆ. ಅವರು, “ಪೂಜೆ ಬಿಡಬ್ಯಾಡಿ. ಜಾಗ ಬದಲಾಯ್ಸಿ ಅಷ್ಟೆ,” ಅಂದು ಪಿನ್ನು ಒರೆಸಿ ವಾಪಸು ಕೊಟ್ಟರು. ಸ್ಪ್ಯಾನರ್ ಮುಟ್ಟದೆ, ನನ್ನ ಮಾನವನ್ನೂ ಮುಟ್ಟದೆ ಗಾಡಿ ರಿಪೇರಿ ಮಾಡುವವರನ್ನು ನಾನು ನೋಡಿದ್ದು ಅದೇ ಮೊದಲು. ನೀರು ಬರುವ ಹಿಂದಿನ ಸಂಜೆ ಕೊನೆಯ ಕಂದು ಮಣ್ಣಿಗಿಳಿಯಿತು. ನಾಲೆಯ ನೀರು ಹೊಲಕ್ಕೆ ಹರಿದಾಗ ನಾನು ಮನಸ್ಸಿನಲ್ಲೇ ಸಾಬರಿಗೆ ಕೈಮುಗಿದೆ.

ಅಂದಿನಿಂದ ನಾನು ಬದಲಾಗಿದ್ದೇನೆ ಎಂದೇ ನಂಬಿದ್ದೆ. ಮೊನ್ನೆ ಮುಸ್ಸಂಜೆ ತೋಟದಿಂದ ಬರುವಾಗ ಟ್ರ್ಯಾಕ್ಟರಿನ ದೀಪ ಮಂಕಾಗಿತ್ತು. ಮನೆಯಂಗಳಕ್ಕೆ ತಂದು ನಿಲ್ಲಿಸಿ, ಸಾಬರ ಹಾಗೆಯೇ ಕುಕ್ಕರಗಾಲಲ್ಲಿ ಕೂತು, ಕಣ್ಣು ಮುಚ್ಚಿ ಯೋಚಿಸಿ, ಇದು ಬ್ಯಾಟರಿಯದೇ ತೊಂದರೆ ಎಂದು ತೀರ್ಮಾನಿಸಿ ಸ್ಪ್ಯಾನರ್ ಹಿಡಿದೆ. ರಾಜಮ್ಮ ಬಂದಳು. ಸೆರಗಿನ ತುದಿಯಿಂದ ಎರಡೂ ದೀಪದ ಗಾಜು ಒರೆಸಿದಳು. ಅಂಗಳವೆಲ್ಲ ಬೆಳಗಿತು. ಆ ಬೆಳಕಿನಲ್ಲಿ ಅವಳ ಸೆರಗಿಗೆ ಹತ್ತಿದ ವಿಭೂತಿ ಚೆನ್ನಾಗಿಯೇ ಕಾಣುತ್ತಿತ್ತು. ಜಾಗ ಬದಲಾಯಿಸಿ ಎಂದು ಸಾಬರು ಹೇಳಿದ್ದರಲ್ಲ, ಬದಲಾಯಿಸಿದ್ದೆ.