ಮೂರನೆಯ ಕೂಗು

‘ಕೂ...’ ಎಂದಿತು ಕುಕ್ಕರು. ಹಾಲ್‌ನ ಸೋಫಾದಲ್ಲಿ ಕೂತಿದ್ದ ನಾನು ಒಂದು ಬೆರಳು ಮಡಚಿದೆ.

ನಮ್ಮ ಮನೆಯಲ್ಲಿ ಅಂದು ಪರೀಕ್ಷೆ. ಅಭ್ಯರ್ಥಿ, ನನ್ನ ಮಗಳು ದಿವ್ಯ. ಮೈಸೂರಿನಲ್ಲಿ ಎಂ.ಎಸ್ಸಿ. ಸೀಟು ಸಿಕ್ಕಿದೆ, ಗೆಳತಿ ಮಾಲಾಳ ಜೊತೆ ರೂಮು ಮಾಡಿಕೊಂಡು ತಾವೇ ಬೇಯಿಸಿಕೊಳ್ಳುತ್ತಾರಂತೆ. (ಹಾಸ್ಟೆಲು ಯಾಕೆ ಬೇಡವೆಂದರೆ, ಅಲ್ಲಿನ ಸಾರು ನನ್ನ ಸಾರಿನಂತೆಯೇ ಇರುತ್ತದಂತೆ.) “ಒಂದು ಹೊತ್ತು ಒಬ್ಬಳೇ ಬೇಳೆಸಾರು ಮಾಡಿ ತೋರಿಸು, ಕಳಿಸ್ತೀನಿ” ಎಂದು ಘೋಷಿಸಿದ್ದೆ. ತೀರ್ಪು ಕೊಡಲು ಚಿಕ್ಕಜಾಲದಿಂದ ನಮ್ಮಮ್ಮ ಲಕ್ಷ್ಮಿದೇವಮ್ಮನವರನ್ನೇ ಕರೆಸಿದ್ದೆ. ನಾನು ಅಡುಗೆಮನೆಗೆ ಕಾಲಿಡಬಾರದು ಎಂಬುದು ದಿವ್ಯಳ ಷರತ್ತು.

ಕಾಲಿಡಲಿಲ್ಲ. ಬಾಯಿಗೇನೂ ಷರತ್ತಿರಲಿಲ್ಲವಲ್ಲ.

“ನೀರು ಸಾಕಾ ನೋಡೇ.”

“ಸಾಕು.”

“ಅರಿಶಿನ ಹಾಕಿದ್ಯಾ?”

“ಅಮ್ಮಾ, ಸೀರಿಯಲ್ ನೋಡು.”

“ಬೆಳಗ್ಗೆ ಹನ್ನೊಂದಕ್ಕೆ ಯಾವ ಸೀರಿಯಲ್ ಬರುತ್ತೆ?”

“ಹಾಗಾದ್ರೆ ಗೋಡೆ ನೋಡು.”

ಮತ್ತೆ ‘ಕೂ’. ಅದರ ಬೆನ್ನಿಗೇ ಇನ್ನೊಂದು. ಮೂರನೆಯ ಬೆರಳು ಮಡಚಿದ್ದೇ ಕೂಗಿದೆ. “ಮೂರಾಯ್ತು, ಆರಿಸೇ.”

“ಒಂದೇ ಆಗಿರೋದು. ಮಿಕ್ಕಿದ್ದು ಪಕ್ಕದ್ಮನೆ ರುಖ್ಸಾರ್ ಆಂಟಿ ಕುಕ್ಕರ್ದು.”

ಇದು ಆಗದ ಮಾತೇನಲ್ಲ. ನಮ್ಮ ಬ್ಯಾಟರಾಯನಪುರದಲ್ಲಿ ಎರಡು ಅಡುಗೆಮನೆ ಕಿಟಕಿಗಳ ನಡುವೆ ಒಂದು ಮೊಳ ಜಾಗ ಬಿಟ್ಟರೆ ಅದೇ ಮಹಾ ಔದಾರ್ಯ. ಆದರೆ ಪರೀಕ್ಷಕಿ ಸೋಲಬಹುದೇ?

“ಇಪ್ಪತ್ತೆರಡು ವರ್ಷದಿಂದ ಕೇಳ್ತಿದ್ದೀನಿ. ನನ್ ಕುಕ್ಕರ್ ಗಂಟಲು ನಂಗೊತ್ತಿಲ್ವಾ?”

“ನಮ್ದು ನಿನ್ ಥರಾನೇ ಎಳೆದೆಳೆದು ಕೂಗುತ್ತೆ ಅಮ್ಮಾ. ಅವರ್ದು ಚುಟುಕು.”

ಇಷ್ಟಾದ ಮೇಲೆ ಯಾವ ತಾಯಿ ಕೂತಿರುತ್ತಾಳೆ? ಬೇಳೆ ತಳ ಹಿಡಿದ ವಾಸನೆ ಮೂಗಿಗೆ ಬಂದೇಬಿಟ್ಟಿತು. (ಅದು ಬರೀ ಮೂಗಿನ ಕಲ್ಪನಾಶಕ್ತಿ ಎಂದು ಆಮೇಲೆ ತಿಳಿಯಿತು.) ದಡದಡನೆ ನುಗ್ಗಿ ಒಲೆ ಆರಿಸಿದೆ. ದಿವ್ಯ ಸೌಟು ಕೆಳಗಿಟ್ಟು ಕೈಕಟ್ಟಿ ನಿಂತಳು. ಚಿಕ್ಕವಳಿದ್ದಾಗ, ಬಿದ್ದು ಮಂಡಿ ತರಚಿಕೊಂಡರೂ ಅಳಬಾರದೆಂದು ಹಟ ಹಿಡಿದಾಗಲೂ ಹೀಗೇ ನಿಲ್ಲುತ್ತಿದ್ದಳು.

ಪ್ರೆಷರ್ ಇಳಿದ ಮೇಲೆ ನಮ್ಮಮ್ಮ ಒಂದು ಬೇಳೆ ಎತ್ತಿ ಹಿಸುಕಿದರು. ಬೇಳೆ ಒಪ್ಪಲಿಲ್ಲ.

“ಬೆಂದಿಲ್ಲ. ಆರ್ಸಿದ್ಯಾರು?”

ನಾನು ಗೋಡೆ ನೋಡಿದೆ.

“ನಿನ್ನ ಮದ್ವೆ ಮಾಡಿ ಕಳಿಸ್ದಾಗ ನಿಂಗೆ ಒಲೆ ಅಚ್ಚಕ್ಕೂ ಬರ್ತಿರ್ಲಿಲ್ಲ” ಎಂದರು ನಮ್ಮಮ್ಮ, ಕೈ ತೊಳೆಯುತ್ತಾ. “ನಾನು ಕಳಿಸ್ಲಿಲ್ವಾ? ನೀನ್ಯಾಕೆ ಇಂಗಾಡ್ತೀಯ? ಮಗೀನ ಕಳ್ಸು.”

ಪರೀಕ್ಷಕಿಯೇ ನಪಾಸಾದ ಪ್ರಪಂಚದ ಪ್ರಥಮ ಪರೀಕ್ಷೆ ಇದೇ ಇರಬೇಕು.

“ಆಯ್ತು, ಹೋಗು” ಎಂದೆ. “ಆದ್ರೆ ಕೇಳಿಲ್ಲಿ. ಭಾನುವಾರ ತಲೆಗೆ ಎಣ್ಣೆ ಹಚ್ಚೋರು ಯಾರೇ ಅಲ್ಲಿ? ಜ್ವರ ಬಂದ್ರೆ ಹಣೆ ಮುಟ್ಟಿ ನೋಡೋರು...”

ನನ್ನ ಮಾತು ಇನ್ನೂ ಜ್ವರದಲ್ಲಿರುವಾಗಲೇ ದಿವ್ಯ ಫೋನು ಕಿವಿಗಿಟ್ಟುಕೊಂಡು ಮೆಟ್ಟಿಲು ಇಳಿಯುತ್ತಿದ್ದಳು.

“ಮಾಲಾ, ನಮ್ಮಮ್ಮ ಒಪ್ಪಿದ್ರು ಕಣೇ.”