ಬೀಗರ ಬೈಬಲ್ ಜಗಳ

ಹೊಲಿಗೆ ಅಂಗಡಿ ಇಟ್ಟವನಿಗೆ ಇದು ತಪ್ಪಿದ್ದಲ್ಲ: ಅಳತೆ ಕೊಡಲು ಬಂದವರು ಅಭಿಪ್ರಾಯವನ್ನೂ ಕೊಟ್ಟೇ ಹೋಗುತ್ತಾರೆ. ಆದರೆ ಬೈಬಲ್ಲಿನ ತಕರಾರು ಮಸ್ಕಿಯ ನನ್ನ ಅಂಗಡಿಗೇ ಯಾಕೆ ಬಂತು ಅನ್ನುವುದನ್ನು ಹೇಳಬೇಕು.

ಲಿಂಗಸುಗೂರಿನ ನಿವೃತ್ತ ವಿಜ್ಞಾನ ಮಾಸ್ತರರ ಮಗಳು, ಸಿಂಧನೂರಿನ ಪಾಸ್ಟರರ ಮಗ, ಇಬ್ಬರೂ ಮದುವೆಯಾದರೆ ಒಬ್ಬರನ್ನೊಬ್ಬರೇ ಎಂದು ಕೂತಿದ್ದರು. ಮಾಸ್ತರು ಹುಟ್ಟಿದ್ದು ಕ್ರೈಸ್ತರ ಮನೆಯಲ್ಲೇ, ಆದರೆ ಕಾಲೇಜಿನಲ್ಲಿ ನಾಲ್ಕು ಪುಸ್ತಕ ಓದಿ ಚರ್ಚು ಬಿಟ್ಟವರು. "ನಿಮ್ಮ ಗ್ರಂಥದಾಗ ಒಂದಕ್ಕೊಂದು ತಾಳಮೇಳ ಇಲ್ಲ. ಹೊಂದಿಸಿ ತೋರಿಸ್ರಿ, ಹೆಣ್ಣು ಕೊಡ್ತೀನಿ" ಎಂದು ಹಟ ಹಿಡಿದರು. ಪಾಸ್ಟರೂ ಪಂಥಕ್ಕೆ ಬಿದ್ದರು. ಎರಡೂ ಊರಿಗೆ ಮಸ್ಕಿ ನಡುವೆ, ನನಗೋ ಚರ್ಚೂ ಗೊತ್ತಿಲ್ಲ, ವಿಚಾರವಾದವೂ ಗೊತ್ತಿಲ್ಲ. ಹಾಗಾಗಿ ನನ್ನ ಬೆಂಚೇ ಕಟಕಟೆಯಾಯಿತು. ಮದುವೆಯ ಬಟ್ಟೆಯೆಲ್ಲ ನನ್ನಲ್ಲೇ ಹೊಲಿಸುವ ಮಾತಾಗಿದ್ದರಿಂದ ಇಬ್ಬರೂ ಗೆಲ್ಲಲಿ ಎಂದು ಬೇಡಿಕೊಂಡ ತೀರ್ಪುಗಾರ ನಾನೊಬ್ಬನೇ ಇರಬೇಕು.

೧. ದೇವದೂತರು ಎಷ್ಟು ಮಂದಿ

ಮೊದಲ ದಿನದ ಜಗಳ ಯೇಸುವಿನ ಸಮಾಧಿಯದು. ಹೆಂಗಸರು ಹೋಗಿ ನೋಡಿದಾಗ ಅಲ್ಲಿ ಒಬ್ಬ ದೇವದೂತನಿದ್ದ ಎಂದು ಮತ್ತಾಯ ಬರೆದಿದ್ದಾನಂತೆ, ಇಬ್ಬರಿದ್ದರು ಎಂದು ಲೂಕ. ಯಾವುದು ಸರಿ ಎಂದು ಮಾಸ್ತರು ಬೆಂಚು ಕುಟ್ಟಿದರು. ಇದ್ದದ್ದು ಇಬ್ಬರು, ಮಾತಾಡಿದ್ದು ಒಬ್ಬ, ಮತ್ತಾಯ ಅವನನ್ನಷ್ಟೇ ಬರೆದ ಎಂದರು ಪಾಸ್ಟರು. ಹಾಗಾದರೆ ಇನ್ನೊಬ್ಬ ಸ್ವರ್ಗದಿಂದ ಅಷ್ಟು ದೂರ ಸುಮ್ಮನೆ ನಿಲ್ಲಲು ಬಂದಿದ್ದನೇ ಎಂದು ಮಾಸ್ತರು ಕೇಳಿದರು.

ನನ್ನ ಬಾಯಿ ಸುಮ್ಮನಿರಲಿಲ್ಲ. "ಹೆಣ್ಣು ನೋಡಾಕ ಹತ್ತು ಮಂದಿ ಬರ್ತಾರ್ರೀ, ಮಾತಾಡಾವ ಒಬ್ಬನ. ಉಳಿದವರು ಉಪ್ಪಿಟ್ಟು ತಿಂದು ಹೋಗ್ತಾರ" ಎಂದೆ.

ಪಾಸ್ಟರ ಮುಖ ಅರಳಿತು. ಮಾಸ್ತರು ಕನ್ನಡಕ ಒರೆಸಿಕೊಂಡು, ಸಮಾಧಿಯಲ್ಲಿ ಉಪ್ಪಿಟ್ಟು ಕೊಟ್ಟದ್ದು ಯಾವ ಅಧ್ಯಾಯದಲ್ಲಿದೆ ತೋರಿಸಿ ಎಂದರು.

೨. ಮೂರ್ಖನಿಗೆ ಉತ್ತರ

ಎರಡನೇ ಸಲ ಮಾಸ್ತರು ಬೈಬಲ್ಲಿನ ಜ್ಞಾನೋಕ್ತಿಗಳ ಪುಟಕ್ಕೆ ಬಸ್ ಟಿಕೆಟ್ ಸಿಕ್ಕಿಸಿಕೊಂಡೇ ಬಂದಿದ್ದರು. ಮೂರ್ಖನಿಗೆ ಅವನ ಮಟ್ಟಕ್ಕಿಳಿದು ಉತ್ತರ ಕೊಡಬೇಡ ಎನ್ನುತ್ತದೆ ಒಂದು ವಚನ, ಅದರ ಕೆಳಗಿನದೇ ಕೊಡು ಎನ್ನುತ್ತದೆ. ಎರಡೂ ಸರಿ, ಎದುರಿಗಿರುವ ಮೂರ್ಖನನ್ನು ನೋಡಿ ಯಾವುದೆಂದು ತೀರ್ಮಾನಿಸಬೇಕು ಎಂದ ಪಾಸ್ಟರು ಮಾಸ್ತರನ್ನೇ ನೋಡುತ್ತ ಕೂತುಬಿಟ್ಟರು. ಯಾಕೆ ಸುಮ್ಮನಾದಿರಿ ಎಂದು ಮಾಸ್ತರು ಕೇಳಿದರು.

"ಮೊದಲನೇ ವಚನ ಪಾಲಿಸಾಕತ್ತೀನ್ರಿ."

"ಹಂಗಾರ ನಾ ಎರಡನೇದು ಪಾಲಿಸ್ತೀನಿ" ಎಂದ ಮಾಸ್ತರು ಆಮೇಲೆ ಆಡಿದ ಮಾತುಗಳನ್ನು ಇಲ್ಲಿ ಬರೆಯುವಂತಿಲ್ಲ. ಸಂಬಂಧ ಮುರಿಯಿತು ಎಂದು ಒಬ್ಬರು ಆ ಕಡೆಯ ಬಸ್ಸು, ಇನ್ನೊಬ್ಬರು ಈ ಕಡೆಯ ಬಸ್ಸು ಹತ್ತಿದರು. ಸಂಜೆ ಹುಡುಗಿ ನನಗೆ ಫೋನ್ ಮಾಡಿ, "ಕಾಕಾ, ಇನ್ನ ಮುಗೀತೇನ್ರಿ?" ಎಂದು ಅತ್ತಳು. ನನಗೆ ಇಬ್ಬರ ಮೇಲೂ ಕೆಂಡದಂಥ ಸಿಟ್ಟು ಬಂತು. ಎರಡು ಸಾವಿರ ವರ್ಷದ ಹಿಂದಿನದನ್ನು ಸರಿಮಾಡಲು ಹೊರಟವರಿಗೆ ಮನೆಯ ಮಗಳ ಅಳು ಕೇಳಿಸುವುದಿಲ್ಲ. ಮೂರ್ಖ ಯಾರು ಎಂಬ ಬಗ್ಗೆ ಮಾತ್ರ ಇಬ್ಬರಿಗೂ ಸಂಶಯವಿರಲಿಲ್ಲ: ತಾವಲ್ಲ, ಇನ್ನೊಬ್ಬರು.

೩. ಇಬ್ಬರು ಅಪ್ಪಂದಿರು

ಮಗಳು ಊಟ ಬಿಟ್ಟಳು. ಮಾಸ್ತರರ ಹೆಂಡತಿ ಗಂಡನನ್ನು ಕರೆತಂದು, ಪಾಸ್ಟರನ್ನೂ ಕರೆಸಿ ಮತ್ತೆ ನನ್ನ ಬೆಂಚಿನ ಮೇಲೆ ಕೂಡಿಸಿದರು. ಕೊನೆಯದೊಂದೇ ಪ್ರಶ್ನೆ ಎಂದು ಮಾಸ್ತರು ಬ್ರಹ್ಮಾಸ್ತ್ರ ತೆಗೆದರು. ಮತ್ತಾಯನ ಪ್ರಕಾರ ಯೇಸುವಿನ ತಾಯಿಯ ಗಂಡನಾದ ಯೋಸೇಫನ ಅಪ್ಪ ಯಾಕೋಬ, ಲೂಕನ ಪ್ರಕಾರ ಹೇಲಿ. ಒಬ್ಬ ಮನುಷ್ಯನಿಗೆ ಇಬ್ಬರು ಅಪ್ಪಂದಿರು ಹೇಗೆ? ಪಾಸ್ಟರು ಕೆಮ್ಮಿ, ಕುಡಿಯಲು ನೀರು ಕೇಳಿದರು.

ಮಾಸ್ತರು ಮೂಲತಃ ಮುದಗಲ್ಲಿನವರು. ಗಂಡುಮಕ್ಕಳಿಲ್ಲದ ಮಾವನಿಗೆ ಮನೆ ಅಳಿಯನಾಗಿ ಬಂದು, ಹೊಲದ ಜೊತೆಗೆ ಆ ಮನೆತನದ ಹೆಸರನ್ನೂ ತೆಗೆದುಕೊಂಡವರು. ಹೆಂಡತಿ ನಿಧಾನಕ್ಕೆ ಕೇಳಿದರು:

"ನಿಮ್ಮಪ್ಪ ಯಾರಂತ ಮುದಗಲ್ಲಾಗ ಕೇಳಿದ್ರ ಒಂದು ಹೆಸರು ಹೇಳ್ತಾರ, ಲಿಂಗಸುಗೂರಾಗ ಇನ್ನೊಂದು. ಮಗಳ ಲಗ್ನಪತ್ರಿಕ್ಯಾಗ ಯಾರ್ದು ಹಾಕಸ್ತೀರಿ, ಹಡದವರ್ದೋ, ಹೊಲ ಕೊಟ್ಟವರ್ದೋ?"

ಮಾಸ್ತರು ನನ್ನ ಹೊಲಿಗೆ ಯಂತ್ರದ ಕಡೆ ಮುಖ ತಿರುಗಿಸಿ, ಎರಡೂ ಹಾಕಿಸೋಣ ಎಂದರು. ಮದುವೆ ಗಟ್ಟಿಯಾಯಿತು, ನನಗೆ ಜೀವ ಬಂತು.

ಆಗ ಪಾಸ್ಟರು, ಹೇಲಿ ಯೋಸೇಫನ ಮಾವನೇ ಇರಬೇಕು ಎಂದು ಹಿಂದಿನವರೂ ಹೇಳಿದ್ದಾರೆ, ತಮಗೆ ಮೊದಲೇ ಗೊತ್ತಿತ್ತು ಎಂದರು. ಮತ್ತೆ ಯಾಕೆ ಹೇಳಲಿಲ್ಲ ಎಂದು ಆಕೆ ಕೇಳಿದರು.

"ಬೀಗರ ಎದುರಿಗೆ ಮನಿ ಅಳಿಯನ ಮಾತು ಹೆಂಗ ತೆಗೀಲಿ ಅಕ್ಕಾರ?"

ಮೂರ್ಖ ಎನ್ನಬಹುದಂತೆ, ಮನೆ ಅಳಿಯ ಎನ್ನಬಾರದಂತೆ.

೪. ಎರಡು ಪತ್ರಿಕೆ

ನಮ್ಮ ಕಡೆ ಹೆಣ್ಣಿನವರ ಲಗ್ನಪತ್ರಿಕೆ ಬೇರೆ, ಗಂಡಿನವರದು ಬೇರೆ. ಎರಡೂ ಅಚ್ಚಾಗಿ ಆ ಕಡೆ ಮುದಗಲ್ಲಿಗೂ ಈ ಕಡೆ ಸಾಲಗುಂದಕ್ಕೂ ಹಂಚಿ ಮುಗಿದ ಮೇಲೆ ಪಾಸ್ಟರು ಎರಡನ್ನೂ ಹಿಡಿದು ನನ್ನ ಅಂಗಡಿಗೆ ಬಂದರು, ಮೈಯೆಲ್ಲ ಬೆವರು. ಹೆಣ್ಣಿನವರ ಪತ್ರಿಕೆಯಲ್ಲಿ ಮದುವೆ ಬೆಳಿಗ್ಗೆ ಹತ್ತಕ್ಕೆ, ಗಂಡಿನವರದರಲ್ಲಿ ಮಧ್ಯಾಹ್ನ ಹನ್ನೆರಡಕ್ಕೆ. ಮಾಸ್ತರು ಆಗಲೇ ಅಲ್ಲಿ ಕೋಟಿನ ಅಳತೆ ಕೊಡುತ್ತಿದ್ದರು.

"ಒಂದು ಖರೆ ಆದ್ರ ಇನ್ನೊಂದು ಸುಳ್ಳು" ಎಂದು ಪಾಸ್ಟರು ಪತ್ರಿಕೆಗಳನ್ನು ಬೆಂಚಿನ ಮೇಲೆ ಒಗೆದರು. "ಎರಡೂ ಖರೆ ಹೆಂಗ ಆಗ್ತಾವು?"

ಮಾಸ್ತರು ಕೈ ಚಾಚಿಕೊಂಡೇ ನಿಂತಿದ್ದರು, ಮುಖದಲ್ಲಿ ಸಂತನ ಶಾಂತಿ.

"ವಿರೋಧ ಏನೂ ಇಲ್ರಿ, ಸಮಾಧಾನದಿಂದ ಓದಬೇಕು. ನಾವು ಬರಸಿದ್ದು ಮದುವಿ ಸುರು ಆಗೋ ಟೈಮು, ನೀವು ಬರಸಿದ್ದು ಮಂದಿ ಖರೇನ ಬಂದು ಸೇರೋ ಟೈಮು."