ಸರ್ಕೀಟ್ ಬೋರ್ಡೂ ನಮ್ಮ ಕಡೆಯ ಶಾಣ್ಯಾರೂ

ಸಿಂದಗಿ ಬಸ್ ಸ್ಟ್ಯಾಂಡಿನ ಹಿಂದಿನ ಓಣಿಯಲ್ಲಿ ನನ್ನದೊಂದು ಸಣ್ಣ ಅಂಗಡಿ. ಸರ್ಕೀಟ್ ಬೋರ್ಡ್ ಮಾಡಿಕೊಡುತ್ತೇನೆ. ಮಂದಿ ತಾವೇ ಮಾಡಿ ಕೆಡಿಸಿ ತಂದದ್ದನ್ನು ರಿಪೇರಿ ಮಾಡುತ್ತೇನೆ. ಬೋರ್ಡಿನಲ್ಲಿ ಸುಟ್ಟ ಭಾಗ ತೆಗೆದು ಹೊಸದು ಹಾಕಬಹುದು, ತಂದವರ ತಲೆಗೆ ಬಿಡಿಭಾಗ ಸಿಗುವುದಿಲ್ಲ. ಹಾಗಾಗಿ ಇಂಥವು ನಡೆಯುತ್ತಲೇ ಇರುತ್ತವೆ.

ಕನ್ನಡಿ

ಬೋರ್ಡಿನ ನಕ್ಷೆಯನ್ನು ಕಾಗದಕ್ಕೆ ಪ್ರಿಂಟ್ ಹಾಕಿ, ತಾಮ್ರದ ಹಾಳೆಯ ಮೇಲೆ ಬೋರಲು ಇಟ್ಟು ಇಸ್ತ್ರಿ ಒತ್ತಿದರೆ ಮಸಿ ಅಂಟಿಕೊಳ್ಳುತ್ತದೆ. ಬೋರಲು ಇಡುವುದರಿಂದ ಪ್ರಿಂಟ್ ಮೊದಲೇ ತಿರುವುಮುರುವಾಗಿರಬೇಕು. ಒಬ್ಬ ಇಂಜಿನಿಯರಿಂಗ್ ವಿದ್ಯಾರ್ಥಿ ನೇರ ಹಾಕಿದ್ದ. ಎಡಗಡೆಯದು ಬಲಕ್ಕೆ ಬಂದಿತ್ತು, ಐಸಿ ಚಿಪ್ಪಿನ ಒಂದು ಕಾಲೂ ತನ್ನ ಜಾಗಕ್ಕಿರಲಿಲ್ಲ.

"ಎಲ್ಲಾ ಉಲ್ಟಾ ಬಂದೈತಲ್ಲೋ" ಅಂದೆ.

ಅವನು ಬೋರ್ಡನ್ನು ನನ್ನ ಗೋಡೆಯ ಕನ್ನಡಿಗೆ ಹಿಡಿದ. "ಇಲ್ನೋಡ್ರಿ ಅಕ್ಕಾರ, ಕನ್ನಡಿಯೊಳಗ ಬರೋಬ್ಬರಿ ಐತಿ."

"ಹಂಗಾದ್ರ ಬ್ಯಾಟರಿನೂ ಕನ್ನಡಿಯೊಳಗಿನ ಬೋರ್ಡಿಗೇ ಜೋಡಸು."

ಬೋಗಾಣಿ

ಯಂಕಂಚಿಯ ಸಾಲಿ ಮಾಸ್ತರೊಬ್ಬರು ಬೋರ್ಡಿನ ಬೇಡವಾದ ತಾಮ್ರ ಕರಗಿಸುವ ಔಷಧ ನನ್ನಿಂದಲೇ ಒಯ್ದಿದ್ದರು. ಎರಡೇ ದಿನಕ್ಕೆ ಮುಖ ಕೆಂಪಗೆ ಮಾಡಿಕೊಂಡು ಬಂದರು.

"ನಿಮ್ಮ ಔಷಧ ಡೂಪ್ಲಿಕೇಟ್ ಐತ್ರಿ. ತಾಮ್ರ ಕರಗಂಗಿಲ್ಲ."

"ಯಾವುದರಾಗ ಹಾಕಿದ್ರಿ?"

"ನಮ್ಮವ್ವನ ತಾಂಬ್ರದ ಬೋಗಾಣ್ಯಾಗ. ನೀವು ಹೇಳಿದ ಪ್ಲಾಸ್ಟಿಕ್ ಪಾತ್ರಿ ಎಲ್ಲಿ ಕರಗತೈತೋ ಅಂತ ಅಂಜಿಕಿ ಆತ್ರಿ."

"ಬೋಗಾಣಿ ಹೆಂಗೈತ್ರಿ ಈಗ?"

"ತಳಾ ಸೋರಾಕತ್ತೈತಿ."

"ಹಂಗಾದ್ರ ಔಷಧ ಅಸಲಿ ಐತಿ, ಸರ."

ಬೀಗರ ಫೋನು

ಕನ್ನೊಳ್ಳಿಯ ಕಾಕಾ ಒಬ್ಬರು ಬೋರಿನ ಮೋಟಾರಿಗೆ ಬೋರ್ಡ್ ಮಾಡಿಸಿಕೊಂಡರು. ಅದರೊಳಗೊಂದು ಸಿಮ್. ಆ ನಂಬರಿಗೆ ಫೋನ್ ಹಚ್ಚಿದರೆ ಬೋರ್ಡು ಕಾಲ್ ಕಟ್ ಮಾಡಿ ಮೋಟಾರು ಚಾಲೂ ಮಾಡುತ್ತದೆ. ಮೆಸೇಜ್ ಕಳಿಸಿದರೆ ಬಂದ್. ಅವರೊಬ್ಬರ ಫೋನಿಗಷ್ಟೇ ಓಗೊಡುವಂತೆ ಮಾಡಿದ್ದೆ. ಅದು ಅವರಿಗೆ ಸೇರಲಿಲ್ಲ.

"ಮನಿ ಮಂದಿ ಎಲ್ಲಾರೂ ಚಾಲೂ ಮಾಡೂವಂಗ ಇರ್ಬೇಕವ್ವಾ. ಆ ಕಟ್ಟು ತಗಿ."

"ತಗದ್ರ ಯಾರ್ ಫೋನ್ ಹಚ್ಚಿದ್ರೂ ಚಾಲೂ ಆಗ್ತೈತ್ರಿ ಕಾಕಾರ."

"ಮೋಟಾರಿನ ನಂಬರು ಊರ ಮಂದಿಗಿ ಯಾವ ಹುಚ್ಚ ಕೊಡ್ತಾನ?"

ತೆಗೆದುಕೊಟ್ಟೆ.

ಬೇಸಿಗೆಯಲ್ಲಿ ಕಾಕಾನ ಫೋನು ಬಂತು. "ಮೋಟಾರಿಗಿ ದೆವ್ವ ಹೊಕ್ಕೈತಿ. ನಾ ಬಂದ್ ಮಾಡಿದ್ಹಂಗ ತಾನ ಚಾಲೂ ಆಗಾಕತ್ತೈತಿ, ಲಗೂ ಬಾ."

ಹೋಗಿ ನೋಡಿದರೆ ಹೊಲವೆಲ್ಲ ಕೆರೆ. ಕಾಕಾ ಮೊಣಕಾಲುಮಟ ರಾಡಿಯಲ್ಲಿ ಸಲಿಕೆ ಹಿಡಿದು ನಿಂತಿದ್ದರು.

"ಆ ನಂಬರು ಯಾರಿಗರೆ ಕೊಟ್ಟೀರೇನ್ರಿ?"

"ಯಾರಿಗೂ ಕೊಟ್ಟಿಲ್ಲ. ನೆನಪಿಡಾಕ ಹಗುರ ಐತಂತ ಮಗಳ ಲಗ್ನಪತ್ರಿಕ್ಯಾಗ ಹಾಕ್ಸೇನಿ, ಅಷ್ಟ."

ಇಂಡಿ ಊರಿನ ಅತ್ತೆ, ಮುದ್ದೇಬಿಹಾಳದ ಷಡ್ಡಕ, ಅಡಿಗೆಯವ, ಬ್ಯಾಂಡಿನವ, ಎಲ್ಲರೂ ಸೇರಿ ಹೊಲಕ್ಕೆ ನೀರು ಹಾಯಿಸಿದ್ದರು.

ನಾವು ಮಾತಾಡುತ್ತಿದ್ದಂತೆ ಒಂದು ಜೀಪು ಬಂದು ನಿಂತಿತು. ಇಳಿದವರು ಬಸವನ ಬಾಗೇವಾಡಿಯ ಬೀಗರು, ವರನ ತಂದೆ. ಎರಡು ದಿನದಿಂದ ಪತ್ರಿಕೆಯ ನಂಬರಿಗೆ ಫೋನ್ ಹಚ್ಚಿದ್ದೂ ಹಚ್ಚಿದ್ದೇ, ಪ್ರತಿ ಸಲವೂ ಕಟ್ ಆಗಿತ್ತು. "ನಮ್ಮ ಫೋನ್ ಕಟ್ ಮಾಡ್ತೀರಿ ಅಂದ್ರ ಈ ಸಂಬಂಧ ನಿಮಗ ಬ್ಯಾಡಾಗೈತಿ" ಎಂದು ಶುರು ಮಾಡಿದರು. ಕಾಕಾ ಸಲಿಕೆ ಬಿಟ್ಟು ಬದುವಿಗೆ ಹತ್ತಿದರು. ಬೋರ್ಡಿನ ವಿಷಯ ಹೇಳಲು ನಾನು ಬಾಯಿ ತೆರೆಯುವಷ್ಟರಲ್ಲಿ ಬೀಗರ ಕಣ್ಣು ಹೊಲದ ಮೇಲೆ ಬಿತ್ತು. ಈ ಬದುವಿನಿಂದ ಆ ಬದುವಿನವರೆಗೆ ನೋಡಿದರು. ದನಿ ಇಳಿಯಿತು.

"ಇಂಥಾ ಬ್ಯಾಸಗ್ಯಾಗ ಇಷ್ಟು ನೀರು ಐತೇನ್ರಿ ನಿಮ್ಮ ಬೋರಿಗಿ? ಇಷ್ಟು ನೀರಾವರಿ ಇದ್ದವರಿಗಿ ಫೋನ್ ಎತ್ತಾಕ ಪುರಸೊತ್ತು ಎಲ್ಲಿರತೈತಿ ಬಿಡ್ರಿ."

ಚಹಾ ಕುಡಿದು, ಲಗ್ನದ ಮಾತು ಮುಗಿಸಿ, ನಗುತ್ತ ಹೋದರು. ನಾನು ಮೊದಲಿನ ಕಟ್ಟು ಮತ್ತೆ ಹಾಕಿಕೊಡೋಣವೆಂದು ಬೋರ್ಡು ಬಿಚ್ಚಲು ಹೋದೆ. ಕಾಕಾ ರಾಡಿಗೈಯಲ್ಲೇ ನನ್ನನ್ನು ತಡೆದರು.

"ಅದಕ್ಕ ಕೈ ಹಚ್ಚಬ್ಯಾಡ ತಂಗಿ. ನಾಳಿ ವರನ ಸೋದರಮಾವ ಬರಾಂವ ಅದಾನ."